ಲಕ್ಕುಂಡಿಗೆ ಅರ್ಧ ಗಂಟೆ ಸಾಕಾ? ಹೋಗಿ ಬಂದವರು, ಅಲ್ಲಿನವರು ಹೇಳಿ

ಪಯಣದ_ಪುಟ್ಟಿ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಅಮ್ಮನ ಜೊತೆ ಉತ್ತರ ಕರ್ನಾಟಕದ ಕಡೆ ಹೊರಟಿದ್ದೇನೆ. ಬಾದಾಮಿ, ಹಂಪಿ ಎಲ್ಲ ಮೊದಲೇ ನೋಡಿದ್ದೇವೆ. ಈ ಸಲ ಗಲಾಟೆ ಇಲ್ಲದ ಒಂದು ಸಣ್ಣ ಊರಿಗೆ ಹೋಗೋಣ ಅಂತ ಅಮ್ಮ. ಅವರು ಕನ್ನಡ ಟೀಚರ್ ಆಗಿ ರಿಟೈರ್ ಆದವರು. ಅತ್ತಿಮಬ್ಬೆ ಬಸದಿ ಕಟ್ಟಿಸಿದ ಊರನ್ನು ಇಷ್ಟು ವರ್ಷ ಪಾಠ ಮಾಡಿದ್ದೇ ಬಂತು, ಒಂದು ಸಲವೂ ಕಣ್ಣಾರೆ ನೋಡಿಲ್ಲ ಅಂತ ಅವರ ಕೊರಗು. ಹಾಗಾಗಿ ಲಕ್ಕುಂಡಿ.

ಆದರೆ ನಮ್ಮ ಮಾವನ ಮಗ ಇದ್ದಾನಲ್ಲ, "ಹೈವೇ ಪಕ್ಕದ ಊರು ಕಣೇ. ಹಂಪಿಗೆ ಹೋಗುವಾಗ ಅರ್ಧ ಗಂಟೆ ಕಾರು ನಿಲ್ಲಿಸು, ನಾಲ್ಕು ಗುಡಿ, ಎರಡು ಬಾವಿ, ಮುಗೀತು" ಅಂತಾನೆ. ನಿಜವಾ? ನಮ್ಮ ಹತ್ತಿರ ಕಾರಿಲ್ಲ. ರೈಲು, ಬಸ್ಸೇ ಗತಿ. ಅಮ್ಮನಿಗೆ ಮಂಡಿನೋವು ಬೇರೆ. ಉಳಿಯೋದು ಎಲ್ಲಿ, ಊಟ ಎಲ್ಲಿ? ಇಬ್ಬರೇ ಹೆಂಗಸರು ಹಳ್ಳಿಯೊಳಗೆ ಸುಮ್ನೆ ಓಡಾಡಿದರೆ ಯಾರಾದರೂ ಏನಾದರೂ ಅಂದುಕೊಳ್ಳುತ್ತಾರಾ?

ವಾರಾಂತ್ಯದ_ಸವಾರ:
ನಿಮ್ಮ ಮಾವನ ಮಗ ಹೇಳಿದ್ದರಲ್ಲಿ ತಪ್ಪೇನಿಲ್ಲ. ಬೈಕಲ್ಲಿ ಹೋಗಿದ್ದೆ. ಕಾಶಿವಿಶ್ವೇಶ್ವರ ಒಂದು ನೋಡಿದರೆ ಸಾಕು, ಉಳಿದದ್ದೆಲ್ಲ ಅದರ ಅಣ್ಣತಮ್ಮಂದಿರು. ಊರಲ್ಲಿ ಒಂದು ಒಳ್ಳೆ ಕಾಫಿ ಸಿಗಲ್ಲ. ಅಲ್ಲಿಂದ ಇಟಗಿಯ ಮಹಾದೇವ ಗುಡಿಗೆ ಹೋಗಿ, ಕಟ್ಟಡ ಅಂದ್ರೆ ಅದು.

ಲಕ್ಕುಂಡಿ_ಹುಡುಗ:
ನಮ್ಮ ಕಡೆ ಚಹಾ ಕುಡಿಯುತ್ತಾರೆ ಸಾಹೇಬರೇ. ಕಾಫಿ ಹುಡುಕಿಕೊಂಡು ಗದಗ ಜಿಲ್ಲೆಗೆ ಬಂದಿದ್ದು ನೀವು.

ಗದಗಿನ_ಗಾಳಿ:
ಪುಟ್ಟಿಯವರೇ, ಮೊದಲು ಬಸ್ ರೈಲು ಮುಗಿಸೋಣ, ಜಗಳ ಆಮೇಲೆ.

ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಗದಗ. ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಕೂಡ ಗದಗದ ಮೇಲೇ ಹೋಗುತ್ತದೆ. ಗದಗದಿಂದ ಲಕ್ಕುಂಡಿ 12 ಕಿಲೋಮೀಟರ್ ಅಷ್ಟೇ. ಕೊಪ್ಪಳ, ಹೊಸಪೇಟೆ ಕಡೆ ಹೋಗುವ ಬಸ್ಸುಗಳು ಆ ದಾರಿಯಲ್ಲೇ ಹೋಗುತ್ತವೆ. ಹತ್ತುವ ಮೊದಲು ಕಂಡಕ್ಟರ್‌ನ ಕೇಳಿ, ದೂರದ ಗಾಡಿಗಳು ಕೆಲವು ನಿಲ್ಲಿಸುವುದಿಲ್ಲ. ನೀವಿಬ್ಬರೂ ಆಧಾರ್ ಇಟ್ಟುಕೊಳ್ಳಿ. ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡು ಕೊಡೋ ಹಾಗಿಲ್ಲ.

ಉಳಿಯುವುದು ಗದಗದಲ್ಲೇ ಅನುಕೂಲ. ಸ್ಟೇಷನ್ ಮತ್ತು ಬಸ್ ನಿಲ್ದಾಣದ ಕಡೆ ಲಾಡ್ಜ್‌ಗಳಿವೆ. ಬೆಳಿಗ್ಗೆ ಲಕ್ಕುಂಡಿ, ಮಧ್ಯಾಹ್ನ ಬಿಸಿಲಿಗೆ ವಾಪಸ್, ಸಂಜೆ ಗದಗದಲ್ಲಿ ತ್ರಿಕೂಟೇಶ್ವರ, ವೀರನಾರಾಯಣ. ಕನ್ನಡ ಟೀಚರ್ ಅಂದಿರಲ್ಲ, ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಕೂತು ಬರೆದ ಅಂತ ಹೇಳುವ ಕಂಬ ಇದೆ. ಅಮ್ಮ ಅಲ್ಲಿಂದ ಏಳಲ್ಲ, ನೋಡ್ತಾ ಇರಿ.

ಶೌಚಾಲಯದ ವಿಷಯ ಯಾರೂ ಹೇಳಲ್ಲ, ನಾನೇ ಹೇಳುತ್ತೇನೆ. ಗದಗದಲ್ಲೇ ಮುಗಿಸಿಕೊಂಡು ಹೊರಡಿ. ಹುಡುಕುವ ಪಾಡು ಬೇಡ.

ಪಯಣದ_ಪುಟ್ಟಿ:
ಕೊನೆಯ ಸಾಲಿಗೆ ಅಮ್ಮನಿಂದ ವಿಶೇಷ ಧನ್ಯವಾದ!

ಶಾಸನಪ್ರಿಯ:
"ಉಳಿದದ್ದೆಲ್ಲ ಅಣ್ಣತಮ್ಮಂದಿರು" ಅಂದವರಿಗೆ: ಬ್ರಹ್ಮ ಜಿನಾಲಯ, ಅಂದರೆ ಅತ್ತಿಮಬ್ಬೆ ಕಟ್ಟಿಸಿದ ಬಸದಿ, 1007ರದು. ಕಲ್ಯಾಣದ ಚಾಲುಕ್ಯರ ಸತ್ಯಾಶ್ರಯ ಇರಿವಬೆಡಂಗನ ಕಾಲ. ಕಾಶಿವಿಶ್ವೇಶ್ವರ ಅದಕ್ಕಿಂತ ಈಚಿನದು. ಎರಡರ ಗೋಡೆ ಪಕ್ಕ ನಿಂತು ನೋಡಿದರೆ ಕುರುಡನಿಗೂ ಗೊತ್ತಾಗುತ್ತದೆ. ಜಿನಾಲಯದ ಗೋಡೆ ಸರಳ, ಹೆಚ್ಚು ಅಲಂಕಾರ ಇಲ್ಲ. ಕಾಶಿವಿಶ್ವೇಶ್ವರದಲ್ಲಿ ಕಲ್ಲಿಗೆ ಉಸಿರಾಡಲೂ ಜಾಗ ಬಿಟ್ಟಿಲ್ಲ. ಅಲ್ಲಿ ಎರಡು ಗರ್ಭಗುಡಿ ಎದುರುಬದುರು: ದೊಡ್ಡದು ಶಿವನಿಗೆ, ಚಿಕ್ಕದು ಸೂರ್ಯನಿಗೆ. ಅದರ ಮುಂದೆಯೇ ನನ್ನೇಶ್ವರ ಗುಡಿ. ಜನ ಕಾಶಿವಿಶ್ವೇಶ್ವರದ ಫೋಟೋ ತೆಗೆಯೋಕೆ ನನ್ನೇಶ್ವರಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾರೆ, ಪಾಪ ಅದು.

ಇನ್ನೊಂದು. ಇದು ಬರೀ ಗುಡಿಗಳ ಊರಲ್ಲ. ನಾಣ್ಯ ಅಚ್ಚು ಹಾಕುವ ಟಂಕಶಾಲೆ ಇದ್ದ ಪಟ್ಟಣ. ಇಲ್ಲಿ ಅಚ್ಚಾದ ಗದ್ಯಾಣಗಳು, ಅಂದರೆ ಚಿನ್ನದ ನಾಣ್ಯಗಳು, ಲೊಕ್ಕಿ ಗದ್ಯಾಣ ಅಂತಲೇ ಹೆಸರಾಗಿದ್ದವು. ಹೊಯ್ಸಳರ ಇಮ್ಮಡಿ ವೀರಬಲ್ಲಾಳ 1192ರ ಸುಮಾರಿಗೆ ಬಂದು ಇದನ್ನೇ ನೆಲೆವೀಡು, ಅಂದರೆ ರಾಜಧಾನಿ, ಮಾಡಿಕೊಂಡಿದ್ದ. ದ್ವಾರಸಮುದ್ರದವನು ಇಷ್ಟು ದೂರ ಬಂದು ಕೂತ ಅಂದರೆ ಸುಮ್ನೆ ಅಲ್ಲ.

ವಾರಾಂತ್ಯದ_ಸವಾರ:
ಸರ್, ಪ್ರವಾಸ ಕೇಳಿದ್ದು, ಕೆಎಎಸ್ ಪರೀಕ್ಷೆ ಅಲ್ಲ.

ಮಲೆನಾಡ_ಮಳೆ:
ಹ್ಹಹ್ಹ. ಆದರೂ ಅವರು ಹೇಳಿದ್ದು ಉಪಯೋಗಕ್ಕೆ ಬರುತ್ತೆ ಕಣ್ರೀ. ನಾವು ಶಿರಸಿಯಿಂದ ಒಂದು ವ್ಯಾನ್ ಮಾಡಿಕೊಂಡು ಹೋಗಿದ್ದೆವು. ಹಸಿರು ನೋಡಿ ಬೆಳೆದ ಕಣ್ಣಿಗೆ ಆ ಎರೆಭೂಮಿ ಮೊದಲು ಬೋಳು ಅನಿಸಿತು. ಮರವಿಲ್ಲ, ಗುಡ್ಡವಿಲ್ಲ, ಕಪ್ಪು ನೆಲ ಅಂಚಿನವರೆಗೂ ಹೋಗಿ ಆಕಾಶಕ್ಕೆ ತಾಗಿದೆ. ದೂರದಲ್ಲಿ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸುತ್ತುತ್ತಿವೆ. ಜೋಳ ಮೊಣಕಾಲಿನಿಂದ ಎದೆಯೆತ್ತರಕ್ಕೆ ಬಂದಿರುವ ಕಾಲದಲ್ಲಿ ಹೋದರೆ ಬೇರೆಯದೇ ನೋಟ. ನಮ್ಮಲ್ಲಿ ಒಬ್ಬರು "ಇಲ್ಲಿ ಮಳೆ ಬಂದರೆ ಎಲ್ಲಿ ನಿಲ್ಲೋದು?" ಅಂತ ಕೇಳಿದರು. ಡ್ರೈವರ್ "ಮೊದಲು ಬರಲಿ ತಗೋರಿ" ಅಂದ.

ಖಾನಾವಳಿ_ಕಾಕಾ:
ಯಾರೂ ಊಟದ ಸುದ್ದಿ ತೆಗೆಯುತ್ತಿಲ್ಲ, ಹಂಗಾರ ನಾನೇ ತೆಗೀತೀನಿ.

ಗದಗದಲ್ಲಿ ಖಾನಾವಳಿಗೆ ಹೋಗಿ. ಹೋಟೆಲ್ ಬೇಡ, ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು. ಕೊನೆಗೆ ಅನ್ನ ಸಾರು ಕೇಳಿದರೆ ಕೊಡುತ್ತಾರೆ, ಆದರೆ ಅಷ್ಟೊತ್ತಿಗೆ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ. ಬಡಿಸುವವರಿಗೆ "ಸಾಕು" ಅಂದರೆ ಕೇಳಿಸುವುದಿಲ್ಲ, ಕೈ ಅಡ್ಡ ಹಿಡಿಯಬೇಕು.

ಸಂಜೆಗೆ ಮಿರ್ಚಿ, ಗಿರ್ಮಿಟ್, ಬದನೆಕಾಯಿ ಬಜಿ. ಬದನೆಕಾಯಿ ಬಜಿ ತಿನ್ನದೆ ಗದಗ ಬಿಟ್ಟರೆ ನಿಮ್ಮ ಟಿಕೆಟ್ ದಂಡ.

ವಾರಾಂತ್ಯದ_ಸವಾರ:
ಗಿರ್ಮಿಟ್ ಅಂದ್ರೆ ಹುಬ್ಬಳ್ಳಿ. ಮಾತು ಮುಗೀತು.

ಖಾನಾವಳಿ_ಕಾಕಾ:
ತಮ್ಮಾ, ನೀನು ಹುಬ್ಬಳ್ಳಿಯಲ್ಲಿ ತಿಂದ ಚುರಮುರಿ ಎಲ್ಲಿಂದ ಬಂತು ಅಂತ ಕೇಳಿ ನೋಡು. ಆಮೇಲೆ ಬಾ.

ಕೆಮರಾ_ಕಣ್ಣು:
ಫೋಟೋ ತೆಗೆಯುವವರಿಗೆ: ಮುಸುಕಿನ ಬಾವಿ ಮಾಣಿಕೇಶ್ವರ ಗುಡಿಯ ಪಕ್ಕ ಇದೆ. ಬೆಳಿಗ್ಗೆ ಬೇಗ ಹೋಗಿ. ಬಿಸಿಲು ಓರೆಯಾಗಿ ಮೆಟ್ಟಿಲುಗಳ ಮೇಲೆ ಬಿದ್ದಾಗ ಒಂದೊಂದು ಮೆಟ್ಟಿಲೂ ಗೆರೆ ಎಳೆದ ಹಾಗೆ ಕಾಣುತ್ತದೆ. ಮೆಟ್ಟಿಲುಗಳ ನಡುವೆ ಪುಟ್ಟ ಪುಟ್ಟ ಗುಡಿಯ ಗೂಡುಗಳಿವೆ, ಅವು ನೆರಳಲ್ಲಿ ಉಳಿಯುತ್ತವೆ. ಹತ್ತು ಗಂಟೆ ಮೇಲೆ ಹೋದರೆ ಎಲ್ಲ ಚಪ್ಪಟೆ. ಊರ ಜನ ತುಂಬಾ ಮುಗ್ಧರು, ಎಷ್ಟು ಫೋಟೋ ತೆಗೆದರೂ ಏನೂ ಅನ್ನಲ್ಲ. ಒಬ್ಬ ಅಜ್ಜಿ ಕಟ್ಟೆ ಮೇಲೆ ಮೆಣಸಿನಕಾಯಿ ಹರಡುತ್ತಿದ್ದರು, ಅವರ ಮುಖ ನನ್ನ ಅತ್ಯುತ್ತಮ ಫೋಟೋ.

ಲಕ್ಕುಂಡಿ_ಹುಡುಗ:
ಅಜ್ಜಿಯನ್ನು ಕೇಳಿ ತೆಗೆದಿರಾ?

ಕೆಮರಾ_ಕಣ್ಣು:
ಕೇಳಿದರೆ ಸಹಜವಾಗಿ ಬರಲ್ಲ ಸರ್. ಎಲ್ಲರೂ ಸೆರಗು ಸರಿಮಾಡಿಕೊಂಡು ನಿಂತುಬಿಡುತ್ತಾರೆ.

ಲಕ್ಕುಂಡಿ_ಹುಡುಗ:
ಹೌದಲ್ವಾ? ಯಾಕೆ ಸರಿಮಾಡಿಕೊಳ್ಳುತ್ತಾರೆ ಅಂದರೆ ಅವರಿಗೆ ಚೆನ್ನಾಗಿ ಕಾಣಬೇಕು ಅಂತ ಇರುತ್ತದೆ. ನಿಮ್ಮ ಮನೆಗೆ ಬಂದು ನಿಮ್ಮ ಅಜ್ಜಿ ಬೇಳೆ ಆರಿಸುವಾಗ ನಾನು ಹಿಂದಿನಿಂದ ಫೋಟೋ ತೆಗೆದರೆ "ಸಹಜ" ಅಂತ ಲೈಕ್ ಹಾಕುತ್ತೀರಾ?

ಇನ್ನು ಆ "ಮುಗ್ಧ" ಅನ್ನೋದನ್ನು ದಯವಿಟ್ಟು ಬಿಡಿ. ಮೆಣಸಿನಕಾಯಿ ಹರಡುತ್ತಿದ್ದ ಅಜ್ಜಿಗೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಇವತ್ತು ಕ್ವಿಂಟಲ್‌ಗೆ ಏನು ದರ ಅಂತ ಗೊತ್ತಿರುತ್ತದೆ. ಈರುಳ್ಳಿ ಯಾವಾಗ ಮಾರಬೇಕು, ಯಾವಾಗ ತಡೀಬೇಕು ಗೊತ್ತಿರುತ್ತದೆ. ಏನೂ ಅನ್ನಲ್ಲ ಅಂದರೆ ಬಂದವರ ಜೊತೆ ಜಗಳ ಯಾಕೆ ಅಂತ. ಅಷ್ಟೇ.

ಕೊಪ್ಪಳದ_ಅಕ್ಕ:
ಇದಕ್ಕೆ ನೂರು ಸಲ ಹೌದು. ನಾನು ಇಟಗಿಗೆ ಹೋದಾಗಲೂ ಇದೇ ಕಥೆ. ಒಬ್ಬಳು ಹುಡುಗಿ ಕೊಡ ಹೊತ್ತುಕೊಂಡು ಹೋಗುತ್ತಿದ್ದರೆ ಒಂದು ತಂಡ ಅವಳನ್ನು ನಿಲ್ಲಿಸಿ "ಇನ್ನೊಂದು ಸಲ ನಡೀಮ್ಮಾ" ಅಂತ ನಡೆಸುತ್ತಿತ್ತು. ನೀರು ಚೆಲ್ಲಿ ಅವಳ ಸಿಟ್ಟು ನೆತ್ತಿಗೇರಿತ್ತು.

ಕೆಮರಾ_ಕಣ್ಣು:
ಎಲ್ಲದಕ್ಕೂ ತಪ್ಪು ಹುಡುಕೋದಾದರೆ ಯಾರೂ ಎಲ್ಲೂ ಹೋಗಲೇಬಾರದು. ನಾವು ಹಾಕಿದ ಫೋಟೋ ನೋಡಿಯೇ ತಾನೇ ಜನ ಬರೋದು, ಊರಿಗೆ ವ್ಯಾಪಾರ ಆಗೋದು?

ಲಕ್ಕುಂಡಿ_ಹುಡುಗ:
ಯಾವ ವ್ಯಾಪಾರ? ನೀರಿನ ಬಾಟಲಿ ಕೂಡ ಕಾರಲ್ಲೇ ತರುತ್ತೀರಿ. ಖಾಲಿ ಬಾಟಲಿ ಮಾತ್ರ ನಮಗೆ ಬಿಟ್ಟು ಹೋಗುತ್ತೀರಿ, ಅದೂ ಬಾವಿಯಲ್ಲಿ. (ಎಲ್ಲರೂ ಅಂತ ಅಲ್ಲ, ಗೊತ್ತು.)

ಗದಗಿನ_ಗಾಳಿ:
ಇಬ್ಬರೂ ಸ್ವಲ್ಪ ಚಹಾ ಕುಡಿಯಿರಿ.

ಪುಟ್ಟಿಯವರೇ, ಮಂಡಿನೋವಿನ ಬಗ್ಗೆ: ಗುಡಿಗಳು ಊರೊಳಗೆ ಅಲ್ಲಲ್ಲಿ ಚದುರಿವೆ, ನಡೆದೇ ನೋಡಬಹುದು, ಏರು ಇಲ್ಲ. ಬಾವಿಯನ್ನು ಮೇಲಿಂದಲೇ ನೋಡಲಿ, ಇಳಿಯುವುದು ಬೇಡ, ಮೆಟ್ಟಿಲು ಕಡಿದು. ಜಿನಾಲಯದ ಹತ್ತಿರ ಶಿಲ್ಪಗಳ ಮ್ಯೂಸಿಯಂ ಇದೆ. ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ, ಆ ದಿನ ಬಿಟ್ಟು ಹೋಗಿ.

ಪಯಣದ_ಪುಟ್ಟಿ:
ಓ, ನಾವು ಶುಕ್ರವಾರವೇ ಇಳಿಯೋದು ಅಂತಿತ್ತು. ಬದಲಾಯಿಸುತ್ತೇನೆ. ಫೋಟೋ ಬಗ್ಗೆ ಇಷ್ಟು ದೊಡ್ಡ ಜಗಳ ಆಗುತ್ತೆ ಅಂತ ಗೊತ್ತಿರಲಿಲ್ಲ, ಆದರೆ ಓದಿ ಒಳ್ಳೇದಾಯಿತು. ಅತ್ತಿಮಬ್ಬೆಯ ವಿಷಯ ಇನ್ನೂ ಯಾರಾದರೂ ಹೇಳಿ, ಅಮ್ಮ ಪಕ್ಕದಲ್ಲೇ ಕೂತು ಓದುತ್ತಿದ್ದಾರೆ.

ಮಸ್ಕತ್_ಮಂದಿ:
ಅತ್ತಿಮಬ್ಬೆ ಅಂದ್ರೆ ರನ್ನನ ಕಾವ್ಯವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದವಳು. ನಮ್ಮ ಕಾಲದ ಪ್ರಕಾಶಕರಿಗೆ ಸಾವಿರ ಪ್ರತಿ ಮಾರೋಕೆ ಹತ್ತು ವರ್ಷ ಬೇಕು. ಊರಿಗೆ ಬಂದಾಗ ಹೋಗಬೇಕು ಅಂದುಕೊಳ್ಳುತ್ತೇನೆ, ರಜೆ ಎಲ್ಲ ಮದುವೆ ಊಟಗಳಲ್ಲೇ ಮುಗಿಯುತ್ತೆ.

ಶಾಸನಪ್ರಿಯ:
ರನ್ನನದಲ್ಲ. ಪೊನ್ನನ ಶಾಂತಿಪುರಾಣ. ಅದರ ಸಾವಿರ ಓಲೆ ಪ್ರತಿಗಳನ್ನು ಮಾಡಿಸಿದ್ದು. ರನ್ನ ಅವಳ ಆಶ್ರಯದಲ್ಲಿ ಅಜಿತಪುರಾಣ ಬರೆದ, ಅದರಲ್ಲಿ ಅವಳನ್ನು ಮನಸಾರೆ ಹೊಗಳಿದ. ಎರಡನ್ನೂ ಜನ ಕಲಸಿಬಿಡುತ್ತಾರೆ. ಗಂಡ ನಾಗದೇವ ದಂಡನಾಯಕ, ಯುದ್ಧದಲ್ಲಿ ತೀರಿಹೋದ. ಆಮೇಲೆ ಆಕೆ ದಾನ ಮಾಡಿಕೊಂಡೇ ಬದುಕಿದವಳು. ದಾನಚಿಂತಾಮಣಿ ಅಂತ ಬಿರುದು. 1007ರ ಶಾಸನ ಲಕ್ಕುಂಡಿಯದೇ.

ಸಾವಿರ ಪ್ರತಿ ಅಂದರೆ ಏನು ಅಂತ ಯೋಚಿಸಿ. ತಾಳೆಗರಿಯನ್ನು ಒಂದೊಂದಾಗಿ ಹದ ಮಾಡಬೇಕು, ಕಂಟ ಅನ್ನೋ ಚೂಪು ಲೇಖನಿಯಲ್ಲಿ ಕೊರೆಯಬೇಕು, ಮಸಿ ಹಚ್ಚಬೇಕು, ತೂತು ಮಾಡಿ ದಾರ ಕಟ್ಟಬೇಕು. ಬರೆಯುವವರ ಒಂದು ಸೈನ್ಯವೇ ಬೇಕು, ಅವರಿಗೆ ಊಟ ವಸತಿ ಬೇಕು. ಹಾಗೆ ಹಣ ಹಾಕಿದವಳು ರಾಣಿ ಅಲ್ಲ, ದಂಡನಾಯಕನ ಮನೆಯವಳು.

ಪಯಣದ_ಪುಟ್ಟಿ:
ಅಮ್ಮ ಹೇಳ್ತಿದ್ದಾರೆ: "ಈ ಶಾಸನಪ್ರಿಯರು ನಮ್ಮ ಶಾಲೆಯಲ್ಲಿ ಇದ್ದಿದ್ದರೆ ಫಸ್ಟ್ ರ್‍ಯಾಂಕ್."

ಶಾಸನಪ್ರಿಯ:
ಅಮ್ಮನವರಿಗೆ ನಮಸ್ಕಾರ. ಬಸದಿಯ ಒಳಗೆ ಹೋದಾಗ ನಾಲ್ಕು ಮುಖದ ಬ್ರಹ್ಮನ ಮೂರ್ತಿ ನೋಡಲು ಹೇಳಿ. ಜೈನ ಬಸದಿಯಲ್ಲಿ ಬ್ರಹ್ಮ ಏನು ಮಾಡುತ್ತಿದ್ದಾನೆ ಅಂತ ಜನ ತಲೆ ಕೆರೆದುಕೊಳ್ಳುತ್ತಾರೆ. ಜೊತೆಗೆ ಪದ್ಮಾವತಿ ಇದ್ದಾಳೆ. ಒಳಗೆ ಕತ್ತಲು, ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಬೇಕು. ಮೊಬೈಲ್ ಟಾರ್ಚ್ ಹಾಕಿದರೆ ಎದುರಿಗಿದ್ದದ್ದು ಮಾತ್ರ ಕಾಣುತ್ತದೆ, ಕಂಬಗಳ ಹೊಳಪು ಕಾಣುವುದಿಲ್ಲ.

ವಾರಾಂತ್ಯದ_ಸವಾರ:
ಇದೆಲ್ಲ ಸರಿ. ನನ್ನ ಪ್ರಶ್ನೆ ಬೇರೆ. ಊರೊಳಗೆ ಗುಡಿಗೆ ಅಂಟಿಕೊಂಡು ಮನೆಗಳಿವೆಯಲ್ಲ, ಅದನ್ನು ತೆರವು ಮಾಡಿಸಿ ಸುತ್ತ ಒಂದು ಪಾರ್ಕ್ ಮಾಡಿದರೆ ಎಷ್ಟು ಚೆನ್ನಾಗಿರುತ್ತೆ? ಈಗ ಗುಡಿ ಹುಡುಕೋಕೆ ದನದ ಕೊಟ್ಟಿಗೆ ದಾಟಬೇಕು.

ಲಕ್ಕುಂಡಿ_ಹುಡುಗ:
ಇದಕ್ಕೆ ಉದ್ದ ಬರೆಯಬೇಕು. ತಾಳ್ಮೆ ಇದ್ದವರು ಓದಿ.

ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿ ಆದಮೇಲೆ ಇದು ಬಿಗಿಯಾಯಿತು. ಈಗ ಒಂದು ಕಾಗದ ತಗೊಂಡು ಲಕ್ಕುಂಡಿ ನಕ್ಷೆ ಬರೆಯಿರಿ. ಕಾಶಿವಿಶ್ವೇಶ್ವರದ ಸುತ್ತ ಒಂದು ವೃತ್ತ, ಜಿನಾಲಯದ ಸುತ್ತ ಒಂದು, ಮಾಣಿಕೇಶ್ವರದ ಸುತ್ತ ಒಂದು. ಎಲ್ಲ ವೃತ್ತ ಹಾಕಿ ಮುಗಿಸಿದ ಮೇಲೆ ಊರಲ್ಲಿ ಏನು ಉಳಿಯುತ್ತದೆ ನೋಡಿ.

ನಮ್ಮ ದೊಡ್ಡಪ್ಪನ ಮನೆ ಆ ವೃತ್ತದೊಳಗಿದೆ. ಹಿಂದಿನ ಗೋಡೆ ಮಣ್ಣಿನದು, ಮಳೆಗಾಲದಲ್ಲಿ ನೆನೆದು ಹೊಟ್ಟೆ ಉಬ್ಬಿದ ಹಾಗೆ ಹೊರಗೆ ಬಂದಿದೆ. ರಿಪೇರಿಗೆ ಅನುಮತಿ ಬೇಕು. ಹೊಸ ಕೋಣೆ ಅಂತೂ ಸಾಧ್ಯವೇ ಇಲ್ಲ. ಮಗನ ಮದುವೆ ಆಯಿತು, ಸೊಸೆ ಬಂದಳು, ಬಚ್ಚಲು ಕಟ್ಟೋದಕ್ಕೆ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ತಿರುಗಿದರು. ಬಂದವರು ಗುಡಿ ನೋಡಿ "ವಾವ್, ಎಷ್ಟು ಶಾಂತವಾಗಿದೆ" ಅನ್ನುತ್ತಾರೆ. ಆ ಶಾಂತಿಗೆ ದೊಡ್ಡಮ್ಮ ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು.

ಹಳೇ ಮನೆಗಳ ಅಡಿಪಾಯದಲ್ಲಿ ಗುಡಿಯ ಕಲ್ಲುಗಳಿವೆ, ನಿಜ. ನಮ್ಮ ಓಣಿಯಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿತ್ತು, ಮಗುಚಿ ಹಾಕಿದರೆ ಕೆಳಗಡೆ ಬಳ್ಳಿಯ ಕೆತ್ತನೆ. ಯಾರೂ ಕದ್ದು ತಂದದ್ದಲ್ಲ. ಯಾವಾಗಲೋ ಬಿದ್ದ ಗೋಡೆಯಿಂದ ಯಾರೋ ತಂದು ಇಟ್ಟದ್ದು, ಮುತ್ತಜ್ಜನ ಕಾಲದಿಂದ ಅಲ್ಲೇ ಇದೆ. 2024ರಲ್ಲಿ ಮನೆ ಮನೆಗೆ ಹೋಗಿ ಇಂಥ ಕಲ್ಲುಗಳನ್ನೆಲ್ಲ ಸಂಗ್ರಹಿಸುವ ಕೆಲಸ ನಡೆದಾಗ ಜನ ತಾವೇ ಎತ್ತಿ ಕೊಟ್ಟರು. 2025ರಲ್ಲಿ ಉತ್ಖನನವೂ ಶುರುವಾಯಿತು. ಖುಷಿಯೇ. ಆದರೆ ಪ್ರತಿ ಸಲ ಗುದ್ದಲಿ ಬಿದ್ದಾಗ ಓಣಿಯಲ್ಲಿ ಒಂದೇ ಮಾತು: ಮುಂದಿನ ಸರದಿ ಯಾರ ಮನೆಯದು?

ಹಾಗಾಗಿ ಪಾರ್ಕ್ ಮಾಡಿ ಅನ್ನೋದು ಸುಲಭ. ಆ ಪಾರ್ಕ್‌ನಲ್ಲಿ ಯಾರ ಅಡುಗೆಮನೆ ಇತ್ತು ಅಂತ ಕೇಳಿಕೊಳ್ಳಿ.

ವಾರಾಂತ್ಯದ_ಸವಾರ:
ಸರಿ. ಈ ವೃತ್ತದ ಲೆಕ್ಕ ನನಗೆ ಗೊತ್ತಿರಲಿಲ್ಲ. ಆದರೂ ಒಂದು ಕೇಳುತ್ತೇನೆ, ಸಿಟ್ಟಾಗಬೇಡಿ. ಆ ನಿಯಮ ಇಲ್ಲದೇ ಹೋಗಿದ್ದರೆ ಕಾಶಿವಿಶ್ವೇಶ್ವರದ ಪಕ್ಕ ಈಗ ಮೂರು ಅಂತಸ್ತಿನ ಕಾಂಪ್ಲೆಕ್ಸ್, ಅದರ ಮೇಲೆ ಮೊಬೈಲ್ ಟವರ್ ಇರುತ್ತಿತ್ತು ಅಲ್ವಾ?

ಲಕ್ಕುಂಡಿ_ಹುಡುಗ:
ಇರುತ್ತಿತ್ತು. ಅದಕ್ಕೇ ನಿಯಮ ತೆಗೆಯಿರಿ ಅಂತ ನಾನು ಹೇಳಿಲ್ಲ. ಬಚ್ಚಲಿಗೂ ಕಾಂಪ್ಲೆಕ್ಸ್‌ಗೂ ಒಂದೇ ಅರ್ಜಿ ಯಾಕೆ ಅಂತ ಕೇಳುತ್ತಿದ್ದೇನೆ.

ಕೊಪ್ಪಳದ_ಅಕ್ಕ:
ಹಂಪಿಯಲ್ಲೂ ಬಜಾರಿನ ಮನೆಗಳನ್ನು 2011ರಲ್ಲಿ ಕೆಡವಿದ್ದು ನೆನಪಿದೆಯಲ್ಲ. ಮಂಟಪಗಳ ಕಂಬದ ನಡುವೆ ಜನ ಅಂಗಡಿ, ಮನೆ ಮಾಡಿಕೊಂಡಿದ್ದರು. ಈಗ ಬೀದಿ ನೋಡೋಕೆ ಚೆಂದ, ಫೋಟೋಗೆ ಚೆಂದ. ಸಂಜೆ ಹೊತ್ತು ದೀಪ ಹಚ್ಚೋ ಮನೆ ಮಾತ್ರ ಇಲ್ಲ. ನನಗೆ ಲಕ್ಕುಂಡಿ ಇಷ್ಟ ಆಗೋದೇ ಅಲ್ಲಿ ಜನ ಇದ್ದಾರೆ ಅಂತ. ಗುಡಿ ಕಟ್ಟೆ ಮೇಲೆ ಮೇಕೆ ಮಲಗಿರುತ್ತೆ, ಮಕ್ಕಳು ಗೋಲಿ ಆಡುತ್ತಿರುತ್ತಾರೆ.

ಶಾಸನಪ್ರಿಯ:
ಮೇಕೆಗಳು ಶಿಲ್ಪದ ಮೇಲೆ ಹತ್ತುವುದನ್ನು ನಾನು ಒಪ್ಪುವುದಿಲ್ಲ.

ಕೊಪ್ಪಳದ_ಅಕ್ಕ:
ಮೇಕೆಗೆ ಹೇಳಿ ಸರ್.

ಮಲೆನಾಡ_ಮಳೆ:
😂😂

ಪಯಣದ_ಪುಟ್ಟಿ:
ನಾನು ಬಸ್ ಟೈಮ್ ಕೇಳೋಕೆ ಬಂದವಳು, ಇಷ್ಟೆಲ್ಲ ಓದಿ ಈಗ ಹೋಗೋಕೇ ಸಂಕೋಚ ಆಗ್ತಿದೆ. ಅಮ್ಮ ಕೇಳ್ತಿದ್ದಾರೆ, ನಾವು ಬಂದರೆ ಊರವರಿಗೆ ಕಿರಿಕಿರಿಯಾ?

ಲಕ್ಕುಂಡಿ_ಹುಡುಗ:
ಅಯ್ಯೋ, ಇಲ್ಲ ಅಕ್ಕಾರ! ಬರ್ರಿ. ಅಮ್ಮನವರನ್ನು ಕರಕೊಂಡು ಖಂಡಿತ ಬರ್ರಿ. ನಾನು ಸಿಟ್ಟಾದದ್ದು ಓಡುತ್ತಾ ಬಂದು ಓಡುತ್ತಾ ಹೋಗುವವರ ಮೇಲೆ. ಚಹಾದಂಗಡಿಯಲ್ಲಿ ಕೂತು ಒಂದು ಚಹಾ ಕುಡಿಯಿರಿ. "ಯಾವೂರ್ರಿ ನಿಮ್ದು?" ಅಂತ ಕೇಳೇ ಕೇಳುತ್ತಾರೆ. ಅದು ಗುರಾಯಿಸೋದಲ್ಲ, ನಮ್ಮ ಕಡೆ ಮಾತು ಶುರುವಾಗೋದೇ ಹಾಗೆ. ಊರು ಹೇಳಿ, ಮುಂದಿನ ಪ್ರಶ್ನೆ "ಮಳಿ ಹೆಂಗೈತ್ರಿ ನಿಮ್ ಕಡೆ?" ಅಷ್ಟು ಆದಮೇಲೆ ನೀವು ಪರಕೀಯರಲ್ಲ. ಇವರು ಟೀಚರ್ ಆಗಿದ್ದವರು ಅಂತ ಗೊತ್ತಾದರೆ ಯಾರಾದರೂ ತಮ್ಮ ಮಗನ ಮಾರ್ಕ್ಸ್ ಕಾರ್ಡ್ ತಂದು ತೋರಿಸಿದರೂ ಆಶ್ಚರ್ಯ ಇಲ್ಲ.

ಇಬ್ಬರೇ ಹೆಂಗಸರು ಅನ್ನೋದಕ್ಕೆ: ಹಗಲು ಹೊತ್ತು ಯಾವ ಭಯವೂ ಇಲ್ಲ. ಕತ್ತಲಾದ ಮೇಲೆ ಹೈವೇ ಪಕ್ಕ ಬಸ್ ಕಾಯುವುದು ಬೇಡ, ಭಯಕ್ಕಲ್ಲ, ಗಾಡಿಗಳು ಜೋರಾಗಿ ಬರುತ್ತವೆ.

ಖಾನಾವಳಿ_ಕಾಕಾ:
ಡಿಸೆಂಬರ್ ಅಂದಿರಲ್ಲ, ಕ್ಯಾಲೆಂಡರ್‌ನಲ್ಲಿ ಎಳ್ಳಮಾಸಿ, ಅಂದರೆ ಎಳ್ಳಮಾವಾಸ್ಯೆ, ಯಾವತ್ತು ಅಂತ ನೋಡಿ. ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ಬರುತ್ತದೆ. ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಬುತ್ತಿ ಹೊತ್ತು ಹೋಗುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡುಬು, ಬದನೆಕಾಯಿ, ಚಟ್ನಿ ನಾಲ್ಕು ತರಹ. ಹೊಲದಲ್ಲಿ ಪೂಜೆ ಮಾಡಿ "ಹುಲ್ಲುಲ್ಲಿಗೋ" ಅಂತ ಕೂಗುತ್ತಾ ಚರಗ ಚೆಲ್ಲುತ್ತಾರೆ, ಅಂದರೆ ತಂದ ಅಡುಗೆಯನ್ನು ಹೊಲಕ್ಕೆ ಎರಚುತ್ತಾರೆ. ಆಮೇಲೆ ಬೆಳೆ ನಡುವೆ ಕಂಬಳಿ ಹಾಸಿ ಊಟ.

ಒಂದು ವರ್ಷ ನಮ್ಮ ಹೊಲದ ಬದುವಿನಲ್ಲಿ ಸೈಕಲ್ ನಿಲ್ಲಿಸಿಕೊಂಡು ಕೇರಳದ ಒಬ್ಬ ಹುಡುಗ ನೋಡುತ್ತಾ ನಿಂತಿದ್ದ. ಇಡೀ ದೇಶ ಸುತ್ತುತ್ತಿದ್ದನಂತೆ. ನಮ್ಮವ್ವ ಕೈ ಹಿಡಿದು ಎಳಕೊಂಡು ಬಂದಳು. ಅವನಿಗೆ ಕನ್ನಡ ಬರಲ್ಲ, ಅವ್ವನಿಗೆ ಕನ್ನಡ ಬಿಟ್ಟು ಏನೂ ಬರಲ್ಲ. ಐದು ರೊಟ್ಟಿ ತಿಂದ. ಆರನೆಯದಕ್ಕೆ ಕೈ ಮುಗಿದ. ಅವ್ವ ಅದನ್ನೂ ಹಾಕಿ ಮೇಲೆ ಬೆಣ್ಣೆ ಇಟ್ಟಳು. ಹೋಗುವಾಗ ಬುತ್ತಿ ಕಟ್ಟಿ ಸೈಕಲ್ ಹಿಂದೆ ಬಿಗಿದು ಕಳಿಸಿದಳು.

ಮಸ್ಕತ್_ಮಂದಿ:
ಕಾಕಾ, ಆಫೀಸಿನಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಾ ಇದನ್ನು ಓದಿದೆ. ಪಾಪ ತಟ್ಟುತ್ತೆ ನಿಮಗೆ.

ಕೆಮರಾ_ಕಣ್ಣು:
ಚರಗದ ದಿನ ಫೋಟೋ ತೆಗೆಯಬಹುದಾ? ಈ ಸಲ ಕೇಳಿಯೇ ಕೇಳುತ್ತಿದ್ದೇನೆ.

ಖಾನಾವಳಿ_ಕಾಕಾ:
ಊಟ ಮಾಡಿದ ಮೇಲೆ ತೆಗಿ. ಮೊದಲು ಊಟ.

ಲಕ್ಕುಂಡಿ_ಹುಡುಗ:
ತೆಗೆದದ್ದನ್ನು ಅವರ ವಾಟ್ಸಾಪ್‌ಗೂ ಕಳಿಸಿ. ನಮ್ಮ ಕಡೆ ಎಷ್ಟೋ ಅಜ್ಜಿಯರ ಫೋಟೋ ಬೆಂಗಳೂರಿನ ಪ್ರದರ್ಶನದಲ್ಲಿ ಇರುತ್ತದೆ, ಅವರ ಮನೆ ಗೋಡೆಯಲ್ಲಿ ಇರಲ್ಲ.

ಶಾಸನಪ್ರಿಯ:
ಸಮಯ ಇದ್ದರೆ ಡಂಬಳಕ್ಕೂ ಹೋಗಿ. ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಹೊರಗೋಡೆ ಸುತ್ತ ಒಂದು ಸುತ್ತು ಹಾಕಿದರೆ ಗೋಡೆ ಎಲ್ಲೂ ನೇರವಾಗಿ ನಿಲ್ಲುವುದೇ ಇಲ್ಲ, ಹೆಜ್ಜೆಹೆಜ್ಜೆಗೂ ತಿರುಗುತ್ತಲೇ ಇರುತ್ತದೆ. ಡಂಬಳದಲ್ಲಿ ಬೌದ್ಧರ ತಾರಾದೇವಿಯ ಹೆಸರಿರುವ 1095ರ ಶಾಸನವೂ ಸಿಕ್ಕಿದೆ. ಬಸ್ ಕಮ್ಮಿ, ಗದಗದಿಂದ ಆಟೋ ಮಾತಾಡಿಕೊಳ್ಳಿ. ಇಟಗಿ ಬೇಕಾದರೆ ಕುಕನೂರು ಕಡೆ. 1112ರದು, ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಸವಾರರು ಹೇಳಿದ್ದರಲ್ಲಿ ಅದೊಂದು ಸರಿ.

ವಾರಾಂತ್ಯದ_ಸವಾರ:
ಇವತ್ತಿನ ದಿನವನ್ನು ಗೋಡೆಗೆ ಬರೆದಿಟ್ಟುಕೊಳ್ಳುತ್ತೇನೆ.

ಗದಗಿನ_ಗಾಳಿ:
ಗುಡಿಗಳ ನಡುವೆ ಒಂದು ಬದಲಾವಣೆ ಬೇಕಾದರೆ ಕಣಗಿನಹಾಳಕ್ಕೆ ಹೋಗಬಹುದು, ಗದಗ ತಾಲ್ಲೂಕಿನದೇ. 1905ರಲ್ಲಿ ಅಲ್ಲಿ ಶುರುವಾದ ಸಹಕಾರ ಸಂಘವನ್ನು ಏಷ್ಯಾದಲ್ಲೇ ಮೊದಲನೆಯದು ಅನ್ನುತ್ತಾರೆ. ಸಿದ್ದನಗೌಡ ಪಾಟೀಲರು ಕಟ್ಟಿದ್ದು. ನೋಡೋಕೆ ದೊಡ್ಡದೇನೂ ಇಲ್ಲ, ಆದರೆ ಸಾಲಕ್ಕೆ ಸಾಹುಕಾರನ ಬಾಗಿಲು ಕಾಯುತ್ತಿದ್ದ ರೈತರಿಗೆ ಅದು ಗುಡಿಗಿಂತ ಕಮ್ಮಿಯಲ್ಲ.

ಚಳಿಗಾಲ ಆದ್ದರಿಂದ ಮಾಗಡಿ ಕೆರೆಯನ್ನೂ ಸೇರಿಸಿಕೊಳ್ಳಿ. ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದು ಇಳಿದಿರುತ್ತವೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುಭೂಮಿಗಳ ಪಟ್ಟಿಗೆ, ಸೇರಿದ ಕೆರೆ. ಬೆಳಿಗ್ಗೆ ಅಕ್ಕಪಕ್ಕದ ಹೊಲಗಳಲ್ಲಿ ಮೇಯ್ದು ಕೆರೆಗೆ ವಾಪಸ್ ಬಂದು ಕೂರುತ್ತವೆ.

ಲಕ್ಕುಂಡಿ_ಹುಡುಗ:
ಹೊಲದವರನ್ನು ಕೇಳಿದರೆ ಆ ಬಾತುಗಳ ಬಗ್ಗೆ ಬೇರೆ ಕಥೆ ಹೇಳುತ್ತಾರೆ. ಕಡಲೆ ಹೊಲಕ್ಕೆ ಇಳಿದವು ಅಂದರೆ ಮುಗೀತು. ಆದರೂ ಯಾರೂ ಕಲ್ಲು ಹೊಡೆಯಲ್ಲ, ದೂರದಿಂದ ಬಂದ ನೆಂಟರು ಅಂತಾರೆ.

ಪಯಣದ_ಪುಟ್ಟಿ:
ಅಮ್ಮ ಪಟ್ಟಿ ಬರೆದುಕೊಂಡಿದ್ದಾರೆ, ಎರಡು ಪುಟ ಆಗಿದೆ. ಹಾಗಾದರೆ ಗದಗದಲ್ಲಿ ರೂಮ್ ಹಿಡಿದು ನಿಧಾನಕ್ಕೆ ನೋಡುತ್ತೇವೆ, ಹಂಪಿ ಈ ಸಲ ಬೇಡ. ಮಾಗಡಿಗೆ ಗದಗದಿಂದ ಎಷ್ಟು ದೂರ? ಮಾವನ ಮಗನಿಗೆ ಮ್ಯಾಪ್ ನೋಡು ಅಂದೆ, ನೂರಾರು ಕಿಲೋಮೀಟರ್ ತೋರಿಸ್ತಿದೆ ಅಂತಾನೆ.

ಗದಗಿನ_ಗಾಳಿ:
ಅವನು ಬೆಂಗಳೂರು ಹತ್ತಿರದ ಕೆಂಪೇಗೌಡರ ಮಾಗಡಿ ಹಾಕಿರುತ್ತಾನೆ. ಇದು ಶಿರಹಟ್ಟಿ ತಾಲ್ಲೂಕಿನ ಮಾಗಡಿ, ಗದಗದಿಂದ ಸುಮಾರು 25 ಕಿಲೋಮೀಟರ್. ಹಾಗೆ ಹಾಕಿ ಹುಡುಕಲು ಹೇಳಿ, ಇಲ್ಲಾಂದ್ರೆ ಮ್ಯಾಪ್ ನಿಮ್ಮನ್ನು ರೈಲು ಇಳಿದ ಕೂಡಲೇ ವಾಪಸ್ ಬೆಂಗಳೂರಿಗೆ ಕಳಿಸುತ್ತೆ.